ಕಂಬಿ ಹಿಗ್ಗುವ ಜಾಗವನ್ನು ನಕ್ಷೆಗೆ ಏರಿಸುವುದು: ಬಳ್ಳಾರಿ, ಕೊಪ್ಪಳ, ರಾಯಚೂರು ರೈಲು ದಾರಿಯ ಎಸ್‌ಇಜೆಗಳು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ

ರೈಲು ಹಳಿಯ ಸ್ವಿಚ್ ಎಕ್ಸ್‌ಪ್ಯಾನ್ಷನ್ ಜಾಯಿಂಟ್ ಅಂದರೆ ಎಸ್‌ಇಜೆ, ಬಿಸಿಗೆ ಹಿಗ್ಗುವ ಕಂಬಿಗೆ ಸರಿಯಲು ಜಾಗ ಕೊಡುವ ಜೋಡಣೆ. ಅದು ಉಪಗ್ರಹ ಚಿತ್ರದಲ್ಲಿ ಕಾಣುವುದಿಲ್ಲ. ಅದನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ, ಅಂದರೆ ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ನಕ್ಷೆಗೆ, ಏರಿಸುವ ಕೆಲಸ ಬೇರೆ ಮ್ಯಾಪಿಂಗ್‌ಗಿಂತ ಭಿನ್ನವಾಗುವುದು ಇದೊಂದು ಕಾರಣಕ್ಕೆ. ಕೆರೆ, ರಸ್ತೆ, ಶಾಲೆಯ ಕಟ್ಟಡಗಳನ್ನು ಮನೆಯಲ್ಲಿ ಕೂತು ಬಿಡಿಸಬಹುದು. ಎಸ್‌ಇಜೆಯನ್ನು ಯಾರಾದರೂ ಕಣ್ಣಾರೆ ನೋಡಿರಬೇಕು, ಎಲ್ಲಿ ನೋಡಿದರು ಎಂಬುದಕ್ಕೆ ಆಧಾರವೂ ಬೇಕು. ನಿಯಮದ ಪುಸ್ತಕ ನೋಡಿ ಇಲ್ಲೊಂದು ಇರಲೇಬೇಕು ಎಂದು ಊಹಿಸಿ ಇಟ್ಟ ಐವತ್ತು ಬಿಂದುಗಳಿಗಿಂತ, ಪಕ್ಕದ ವಿದ್ಯುತ್ ತಂತಿಯ ಕಂಬದ ಸಂಖ್ಯೆ ಸಮೇತ ಗುರುತಿಸಿದ ಐದು ಬಿಂದುಗಳು ಮೇಲು. ಊಹೆಯ ಬಿಂದುವನ್ನು ಅಳಿಸಲು ಆಮೇಲೆ ಬಂದವರಿಗೆ ಧೈರ್ಯ ಬರುವುದಿಲ್ಲ, ನಂಬಲೂ ಆಗುವುದಿಲ್ಲ.

ಟ್ಯಾಗ್‌ಗಳನ್ನು, ಅಂದರೆ ನಕ್ಷೆಯ ಬಿಂದು ಅಥವಾ ಗೆರೆ ಏನೆಂದು ಹೇಳುವ ವಿವರಗಳನ್ನು, ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ. ನಕ್ಷೆ ತಿದ್ದುವ ಎಡಿಟರ್‌ನಲ್ಲಿ ಅವನ್ನೇ ಇಂಗ್ಲಿಷ್ ಸಣ್ಣಕ್ಷರದಲ್ಲಿ, ಪದಗಳ ನಡುವೆ ಜಾಗ ಬಿಡದೆ, ಅಂಡರ್‌ಸ್ಕೋರ್ ಇದ್ದಲ್ಲಿ ಅಂಡರ್‌ಸ್ಕೋರ್ ಹಾಕಿ ಟೈಪ್ ಮಾಡಬೇಕು.

ಎಸ್‌ಇಜೆ ಯಾಕೆ ಇರುತ್ತದೆ

ಉಕ್ಕಿನ ಕಂಬಿ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಉದ್ದದ 0.0000115 ಭಾಗದಷ್ಟು ಹಿಗ್ಗುತ್ತದೆ. 13 ಮೀಟರಿನ ಒಂದು ಕಂಬಿ 40 ಡಿಗ್ರಿ ಏರಿಳಿತಕ್ಕೆ ಸುಮಾರು 6 ಮಿ.ಮೀ. ಹಿಗ್ಗಿದರೆ, ಯಾರೂ ಹಿಡಿಯದೆ ಬಿಟ್ಟ ಒಂದು ಕಿಲೋಮೀಟರ್ ಕಂಬಿ 46 ಸೆಂ.ಮೀ. ಹಿಗ್ಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನಲ್ಲಿ ನೆರಳಿನ ತಾಪವೇ 40 ದಾಟುತ್ತದೆ. ಬಿಸಿಲಿಗೆ ಮೈಯೊಡ್ಡಿದ ಕಂಬಿಯ ತಾಪ ಅದಕ್ಕೂ 15–20 ಡಿಗ್ರಿ ಮೇಲಿರುತ್ತದೆ.

ಹಿಂದೆ 13 ಮೀಟರಿಗೊಂದು ಫಿಶ್‌ಪ್ಲೇಟ್ (ಕಂಬಿಗಳ ತುದಿಗಳನ್ನು ಬೋಲ್ಟಿನಿಂದ ಸೇರಿಸುವ ಪಟ್ಟಿ) ಜೋಡಣೆ ಇಟ್ಟು, ಪ್ರತಿಯೊಂದರಲ್ಲೂ ಕೆಲವು ಮಿ.ಮೀ. ಬಿಡುವು ಕೊಡುತ್ತಿದ್ದರು. ಗಾಡಿಯ ಟಕ್ ಟಕ್ ಸದ್ದು ಬರುತ್ತಿದ್ದದ್ದು ಅಲ್ಲಿಂದಲೇ. ಈಗ ಮುಖ್ಯ ದಾರಿಗಳಲ್ಲಿ ಕಂಬಿಗಳನ್ನು ಬೆಸೆದು ಉದ್ದ ಮಾಡುತ್ತಾರೆ. ಬ್ರಾಡ್‌ಗೇಜಿನಲ್ಲಿ 250 ಮೀಟರ್ ಮೀರಿದ ಬೆಸುಗೆ ಕಂಬಿ ಸಾಮಾನ್ಯವಾಗಿ ಎಲ್‌ಡಬ್ಲ್ಯುಆರ್ (ಲಾಂಗ್ ವೆಲ್ಡೆಡ್ ರೈಲ್, ಉದ್ದ ಬೆಸುಗೆ ಕಂಬಿ) ಥರ ವರ್ತಿಸುತ್ತದೆ. ಅಂದರೆ ಅದರ ನಡುಭಾಗ ತಾಪ ಎಷ್ಟೇ ಏರಲಿ, ಉದ್ದಕ್ಕೆ ಸರಿಯುವುದಿಲ್ಲ. ಸ್ಲೀಪರ್ (ಕಂಬಿಯಡಿಯ ಅಡ್ಡತೊಲೆ), ಕ್ಲಿಪ್, ಜಲ್ಲಿ ಮೂರೂ ಸೇರಿ ಅದನ್ನು ಬಿಗಿಹಿಡಿದು, ಹಿಗ್ಗಬೇಕಾದದ್ದನ್ನು ಒತ್ತಡವಾಗಿ ಕಂಬಿಯೊಳಗೇ ಉಳಿಸುತ್ತವೆ. ಸರಿಯುವುದು ಎರಡು ತುದಿಗಳ ಸುಮಾರು ನೂರು ನೂರು ಮೀಟರ್ ಮಾತ್ರ. ಅದಕ್ಕೆ ಬ್ರೀದಿಂಗ್ ಲೆಂತ್ ಎನ್ನುತ್ತಾರೆ. ಆ ತುದಿಯ ಸರಿದಾಟಕ್ಕೆ ಜಾಗ ಕೊಡುವ ಜೋಡಣೆಯೇ ಎಸ್‌ಇಜೆ.

40 ಡಿಗ್ರಿ ಏರಿಳಿತಕ್ಕೆ ಒಂದು ಬದಿಯ ತುದಿ ಲೆಕ್ಕದ ಪ್ರಕಾರ ಎರಡು ಸೆಂ.ಮೀ.ಗಿಂತ ತುಸು ಹೆಚ್ಚು ಸರಿಯುತ್ತದೆ. ಹಾಗಾಗಿ ಬೆಳಿಗ್ಗೆ ಆರಕ್ಕೆ ನೋಡಿದ ಬಿಡುವು ಮಧ್ಯಾಹ್ನ ಎರಡಕ್ಕೆ ಇರುವುದಿಲ್ಲ. ಕಂಬಿಯ ಒತ್ತಡ ಬಿಡಿಸಿ ಕೂರಿಸುವಾಗ 40 ಮಿ.ಮೀ. ಬಿಡುವು ಇಡುವುದು ರೂಢಿ, ಆಮೇಲೆ ಅದು ಋತುವಿನ ಜೊತೆ ಕುಣಿಯುತ್ತದೆ. ಬಿಡುವಿನ ಅಗಲವನ್ನು ಟ್ಯಾಗ್ ಆಗಿ ಹಾಕುವ ಆಸೆ ಬೇಡ. ಅದು ಜಾಗದ ಗುಣವಲ್ಲ, ಆ ಗಂಟೆಯ ಹವೆಯ ಗುಣ.

ಗುರುತಿಸುವುದು, ಬೇರೆಯದರೊಂದಿಗೆ ಬೆರೆಸದಿರುವುದು

ಹತ್ತಿರದಿಂದ ನೋಡಿದರೆ ಎಸ್‌ಇಜೆಯಲ್ಲಿ ಒಂದು ಕಂಬಿ ಚೂಪಾಗಿ ಸವೆಸಿದ ನಾಲಗೆಯಂತೆ ಇನ್ನೊಂದರ ಒಳಬದಿಗೆ ಒರಗಿರುತ್ತದೆ. ಇದು ಟಂಗ್ ರೈಲ್. ಅದಕ್ಕೆ ಜಾಗ ಬಿಟ್ಟು ತುಸು ಹೊರಕ್ಕೆ ಬಾಗಿರುವುದು ಸ್ಟಾಕ್ ರೈಲ್. ಎಡ ಮತ್ತು ಬಲ, ಎರಡೂ ಕಂಬಿಯಲ್ಲಿ ಇದು ಎದುರುಬದುರಾಗಿ ಇರುತ್ತದೆ. ಹೊಸ ಮಾದರಿಗಳಲ್ಲಿ ಬಾಗು ಅಷ್ಟಾಗಿ ಕಾಣದು, ಎರಡು ಬಿಡುವಿರುವ ಮಾದರಿಯೂ ಇದೆ. ಜೊತೆಗೆ ಹಳಿಯ ಎರಡೂ ಪಕ್ಕದ ಅಂಚಿನಲ್ಲಿ ಒಂದಕ್ಕೊಂದು ಎದುರಾಗಿ ನೆಟ್ಟ ಮೋಟು ಗುರುತುಗಂಬಗಳಿರುತ್ತವೆ. ಕಂಬಿ ಎಷ್ಟು ಸರಿದಿದೆ ಎಂದು ಸಿಬ್ಬಂದಿ ಅಳೆಯುವುದು ಇವುಗಳ ಆಧಾರದಲ್ಲಿ. ದೂರದಿಂದ ನೋಡುವವರಿಗೆ ಜೋಡಣೆಗಿಂತ ಮೊದಲು ಕಣ್ಣಿಗೆ ಬೀಳುವುದೂ ಇವೇ. ಆದರೆ ಅಂಥ ಕಂಬಗಳು ಎಲ್‌ಡಬ್ಲ್ಯುಆರ್‌ನ ನಡುವೆಯೂ ಇರುತ್ತವೆ. ಕಂಬ ಮಾತ್ರ ಕಂಡರೆ ಎಸ್‌ಇಜೆ ಎಂದು ಬರೆದುಕೊಳ್ಳಬೇಡಿ.

ತಪ್ಪು ಗುರುತುಗಳಲ್ಲಿ ಮೊದಲನೆಯದು ಪಾಯಿಂಟ್ಸ್, ಅಂದರೆ ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳಿಸುವ ಜಾಗ. ಅಲ್ಲೂ ಟಂಗ್ ರೈಲ್ ಇರುವುದರಿಂದ ಫೋಟೊದಲ್ಲಿ ಮೋಸಹೋಗುವುದು ಸುಲಭ. ಪಾಯಿಂಟ್ಸ್‌ನಲ್ಲಿ ಎರಡೂ ನಾಲಗೆಗಳನ್ನು ಸೇರಿಸುವ ಅಡ್ಡಪಟ್ಟಿ ಇರುತ್ತದೆ, ಪಕ್ಕದಲ್ಲಿ ಮೋಟಾರು ಪೆಟ್ಟಿಗೆಯೋ ಲಿವರೋ ಇರುತ್ತದೆ, ಮುಂದೆ ಹಳಿ ಕವಲೊಡೆಯುತ್ತದೆ. ಎಸ್‌ಇಜೆಯಲ್ಲಿ ಇವು ಮೂರೂ ಇಲ್ಲ. ನಕ್ಷೆಯಲ್ಲೂ ಇದೇ ಪರೀಕ್ಷೆ: ರೈಲ್ವೇ=ಸ್ವಿಚ್ ಎಂಬ ಟ್ಯಾಗ್ ಇರುವ ಬಿಂದುವಿನಲ್ಲಿ ಮೂರು ಕೈಗಳು ಕೂಡಬೇಕು. ಎರಡೇ ಕೈ ಇರುವ ಸ್ವಿಚ್ ಕಂಡರೆ, ಯಾರೋ ಎಸ್‌ಇಜೆಯನ್ನು ಪಾಯಿಂಟ್ಸ್ ಎಂದು ಹಾಕಿರಬಹುದು, ಇಲ್ಲವೇ ಕವಲು ಹಳಿಯನ್ನು ಇನ್ನೂ ಬಿಡಿಸಿಲ್ಲ.

ಎರಡನೆಯದು ಗ್ಲೂಡ್ ಜಾಯಿಂಟ್. ಸಿಗ್ನಲ್‌ನ ಟ್ರ್ಯಾಕ್ ಸರ್ಕಿಟ್ (ಹಳಿಯ ಮೇಲೆ ಗಾಡಿ ಇದೆಯೇ ಎಂದು ತಿಳಿಸುವ ವಿದ್ಯುತ್ ಮಂಡಲ) ಬೇರ್ಪಡಿಸಲು ಕಂಬಿಯನ್ನು ತುಂಡರಿಸಿ, ನಡುವೆ ವಿದ್ಯುತ್ ಹರಿಯದ ತೆಳು ತಡೆ ಇಟ್ಟು, ಪಟ್ಟಿ ಮತ್ತು ಬೋಲ್ಟಿನಿಂದ ಅಂಟಿಸಿ ಬಿಗಿದಿರುತ್ತಾರೆ. ಅದು ಸರಿಯುವುದಿಲ್ಲ. ಸಿಗ್ನಲ್ ಕಂಬದ ಹತ್ತಿರ ಬೋಲ್ಟ್ ಬಿಗಿದ ಜೋಡಣೆ ಕಂಡರೆ ಮೊದಲು ಇದನ್ನೇ ಅನುಮಾನಿಸಿ. ಮೂರನೆಯದು ಸಾದಾ ಫಿಶ್‌ಪ್ಲೇಟ್ ಜೋಡಣೆ. 13 ಮೀಟರಿಗೋ, ಮೂರು ಕಂಬಿ ಬೆಸೆದ ತುಂಡಾದರೆ 39 ಮೀಟರಿಗೋ ಮರುಕಳಿಸುತ್ತಿದ್ದರೆ ಅದು ಇದೇ. ಅವನ್ನು ನಕ್ಷೆಗೆ ಹಾಕುವುದರಿಂದ ಯಾರಿಗೂ ಉಪಯೋಗವಿಲ್ಲ.

ಎಲ್ಲಿ ಹುಡುಕಬೇಕು, ಎಲ್ಲಿ ಹುಡುಕಬಾರದು

ನಿಯಮ ನೋಡಿ ಬಿಂದು ಇಡಬಾರದು ಎಂದೆವು. ಎಲ್ಲಿ ಕಣ್ಣು ಹಾಯಿಸಬೇಕು ಎಂದು ತಿಳಿಯಲು ಮಾತ್ರ ನಿಯಮ ತುಂಬ ಉಪಯುಕ್ತ.

ಲೆವೆಲ್ ಕ್ರಾಸಿಂಗ್ ಬ್ರೀದಿಂಗ್ ಲೆಂತ್‌ನೊಳಗೆ ಬರಬಾರದು. ಆದ್ದರಿಂದ ಗೇಟಿನ ಬುಡದಲ್ಲೇ ಎಸ್‌ಇಜೆ ಸಿಗುವುದು ಅಪರೂಪ, ನೂರು ಮೀಟರಿನಾಚೆ ನೋಡಬೇಕು. 3500 ಮೀಟರಿಗಿಂತ ಕಡಿಮೆ ತ್ರಿಜ್ಯದ ತಿರುವಿನಲ್ಲಿ ಸಾಮಾನ್ಯವಾಗಿ ಇಡುವುದಿಲ್ಲ, ನೇರದಿಂದ ತಿರುವಿಗೆ ಹೊರಳುವ ಭಾಗದಲ್ಲೂ ಇಡುವುದಿಲ್ಲ. ನಕ್ಷೆಯಲ್ಲಿ ತಿರುವು ಎದ್ದು ಕಾಣುವ ಕಡೆ ನಿಮ್ಮ ಫೋಟೊ ಎಸ್‌ಇಜೆ ತೋರಿಸುತ್ತಿದ್ದರೆ ಸ್ಥಳ ತಪ್ಪಿರುವ ಸಾಧ್ಯತೆಯೇ ಹೆಚ್ಚು.

ಸಿಗುವ ಜಾಗಗಳು ಎರಡು. ಒಂದು, ನಿಲ್ದಾಣದ ಅಂಗಳದ ಕೊನೆಯ ಪಾಯಿಂಟ್ಸ್ ದಾಟಿದ ಮೇಲೆ, ಕೆಲವು ಕಂಬಿಗಳಷ್ಟು ದೂರದಲ್ಲಿ. ಇನ್ನೊಂದು, ಜಲ್ಲಿಯಿಲ್ಲದ ಗರ್ಡರ್ (ಉಕ್ಕಿನ ತೊಲೆ) ಸೇತುವೆಗಳ ಎರಡೂ ಬದಿಯ ದಾರಿಯಲ್ಲಿ. ಸೇತುವೆಯ ಗರ್ಡರ್ ತಾನೂ ಹಿಗ್ಗುತ್ತದೆ, ಕಂಬಿಯೂ ಹಿಗ್ಗುತ್ತದೆ. ಎರಡೂ ಒಂದನ್ನೊಂದು ಎಳೆಯದಿರಲೆಂದು ಉದ್ದ ಬೆಸುಗೆಯನ್ನು ಸೇತುವೆಗೆ ಮುಂಚೆಯೇ ನಿಲ್ಲಿಸಿರುತ್ತಾರೆ. ಜಲ್ಲಿ ಹಾಸಿದ ಕಾಂಕ್ರೀಟ್ ಸೇತುವೆಯ ಮೇಲೆ ಈ ತೊಡಕು ಕಡಿಮೆ, ಅಲ್ಲಿ ಕಂಬಿ ಹಾಗೇ ಮುಂದುವರಿಯಬಹುದು. ಹಾಗಾಗಿ ನದಿ ಎಂದಾಕ್ಷಣ ಎಸ್‌ಇಜೆ ಎಂದುಕೊಳ್ಳಬೇಡಿ, ಮೊದಲು ಸೇತುವೆಯ ಮೇಲೆ ಜಲ್ಲಿ ಇದೆಯೇ ನೋಡಿ.

ನಮ್ಮ ಕಡೆ ನೋಡಬೇಕಾದ ಸೇತುವೆಗಳು ಇವು: ಮಂತ್ರಾಲಯಂ ರೋಡ್ ಮತ್ತು ಮಟಮಾರಿ ನಿಲ್ದಾಣಗಳ ನಡುವೆ ತುಂಗಭದ್ರಾ ನದಿಗೆ, ರಾಯಚೂರಿನಿಂದ ವಾಡಿ ಕಡೆಗೆ ಹೋಗುವಾಗ ಕೃಷ್ಣಾ ನದಿಗೆ, ಬಳ್ಳಾರಿ–ಗುಂತಕಲ್ ನಡುವೆ ಹಗರಿಗೆ, ಮುನಿರಾಬಾದ್–ಹೊಸಪೇಟೆ ನಡುವೆ ಮತ್ತೆ ತುಂಗಭದ್ರೆಗೆ. ಜೋಡಿ ಹಳಿಯ ಕಡೆ ಹಳೆಯ ಹಳಿಯ ಸೇತುವೆ ಒಂದು ಬಗೆ, ಆಮೇಲೆ ಹಾಕಿದ ಹಳಿಯದ್ದು ಇನ್ನೊಂದು ಬಗೆ ಇರಬಹುದು. ಒಂದು ಹಳಿಯಲ್ಲಿ ಎಸ್‌ಇಜೆ ಇದೆ ಎಂದು ಪಕ್ಕದ್ದರಲ್ಲೂ ನಕಲು ಮಾಡಬೇಡಿ.

ಎಸ್‌ಇಜೆ ಎಂದರೆ ನಿರ್ವಹಣೆಯ ತಲೆನೋವು: ಗ್ರೀಸ್ ಹಚ್ಚಬೇಕು, ಬಿಡುವು ಅಳೆಯಬೇಕು, ಸವೆದರೆ ಬದಲಿಸಬೇಕು. ಅದಕ್ಕೇ ಉದ್ದ ಬೆಸುಗೆಯನ್ನು ಅಂಗಳದ ಮೂಲಕವೇ ಒಯ್ದು ಎಸ್‌ಇಜೆ ಕಡಿಮೆ ಮಾಡುವ ಕೆಲಸವೂ ನಡೆಯುತ್ತಿದೆ. ಹಳೆಯ ಫೋಟೊ ಆಧರಿಸಿ ಹಾಕುವ ಮುನ್ನ ಇದು ನೆನಪಿರಲಿ.

ಹಳಿಗೆ ಇಳಿಯದೆ ಸಮೀಕ್ಷೆ

ರೈಲ್ವೆ ಕಾಯ್ದೆ 1989ರ 147ನೇ ಕಲಮಿನ ಪ್ರಕಾರ ಹಳಿಯ ಜಾಗಕ್ಕೆ ಅಕ್ರಮವಾಗಿ ಇಳಿದರೆ ಆರು ತಿಂಗಳವರೆಗೆ ಸೆರೆ, ಒಂದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ದಂಡದ ಮಾತು ಹಾಗಿರಲಿ, ಬೆಸುಗೆ ಕಂಬಿಯ ಮೇಲೆ ವಿದ್ಯುತ್ ಇಂಜಿನ್ ಸದ್ದೇ ಇಲ್ಲದಂತೆ ಬರುತ್ತದೆ. ಗೇಟಿನ ರಸ್ತೆ, ಓವರ್‌ಬ್ರಿಡ್ಜ್, ಪ್ಲಾಟ್‌ಫಾರ್ಮ್, ನಿಲ್ದಾಣದ ಕಾಲ್ಸೇತುವೆ ಮತ್ತು ಗಾಡಿಯ ಕಿಟಕಿ, ಈ ಐದರಿಂದ ಆಗುವಷ್ಟೇ ಕೆಲಸ ಮಾಡಿ. ಡ್ರೋನ್ ಬೇಡ. ಸಿಬ್ಬಂದಿ ಫೋಟೊ ಬೇಡವೆಂದರೆ ವಾದಕ್ಕಿಳಿಯದೆ ಹೊರಡಿ.

ಗೇಟಿನಿಂದ ಅಥವಾ ಓವರ್‌ಬ್ರಿಡ್ಜಿನಿಂದ ನೋಡುವುದಾದರೆ ಹೊತ್ತು ಮುಖ್ಯ. ಬೇಸಿಗೆಯಲ್ಲಿ ಹತ್ತು ಗಂಟೆಯಾಯಿತೆಂದರೆ ಜಲ್ಲಿಯ ಮೇಲಿನ ಬಿಸಿಗಾಳಿ ನಡುಗಿ, 150 ಮೀಟರ್ ಆಚೆಯ ಕಂಬಿ ಜೂಮ್ ಮಾಡಿದಷ್ಟೂ ಕಲಸಿಹೋಗುತ್ತದೆ. ಬೆಳಿಗ್ಗೆ ಎಂಟರೊಳಗೆ ಮುಗಿಸಿ. ಓರೆಯಾಗಿ ಬೀಳುವ ಎಳೆಬಿಸಿಲಿನಲ್ಲಿ ಕಂಬಿಯ ಬಾಗು ಚೆನ್ನಾಗಿಯೂ ಕಾಣುತ್ತದೆ. ಓವರ್‌ಬ್ರಿಡ್ಜಿನ ಮೇಲಿನಿಂದ ತೆಗೆದ ಚಿತ್ರ ಗೇಟಿನಿಂದ ತೆಗೆದದ್ದಕ್ಕಿಂತ ಎಷ್ಟೋ ಮೇಲು, ಏಕೆಂದರೆ ಎತ್ತರದಿಂದ ಎರಡೂ ಕಂಬಿಯ ನಾಲಗೆ ಒಟ್ಟಿಗೆ ಕಾಣುತ್ತದೆ.

ಕಿಟಕಿಯಿಂದ ನಿಮ್ಮ ಗಾಡಿ ಓಡುವ ಹಳಿ ಕಾಣುವುದಿಲ್ಲ, ಪಕ್ಕದ ಹಳಿ ಕಾಣುತ್ತದೆ. ಆದ್ದರಿಂದ ಹೊಸಪೇಟೆ–ಬಳ್ಳಾರಿ, ರಾಯಚೂರು–ಗುಂತಕಲ್‌ನಂಥ ಜೋಡಿ ಹಳಿಯಲ್ಲಿ ಈ ವಿಧಾನ ನಡೆಯುತ್ತದೆ. ಹೋಗುವಾಗ ಒಂದು ಹಳಿ, ಬರುವಾಗ ಇನ್ನೊಂದು. ಗಿಣಿಗೇರಾ–ಗಂಗಾವತಿ–ಸಿಂಧನೂರು, ಬಳ್ಳಾರಿ–ರಾಯದುರ್ಗದಂಥ ದಾರಿಯ ಒಂಟಿ ಹಳಿಯಲ್ಲಿ ಕಿಟಕಿಯಿಂದ ಸಿಗುವುದು ಗುರುತುಗಂಬ ಮಾತ್ರ. ಅಲ್ಲಿ ಪ್ಲಾಟ್‌ಫಾರ್ಮ್ ಮತ್ತು ಗೇಟುಗಳೇ ಗತಿ. ಬಾಗಿಲಲ್ಲಿ ಜೋತು ಬಿದ್ದು ಕೆಳಗೆ ಕ್ಯಾಮೆರಾ ಹಿಡಿಯುವ ಸಾಹಸ ಯಾವ ನಕ್ಷೆಗೂ ಬೇಕಿಲ್ಲ.

ಕಿಟಕಿಯ ವಿಡಿಯೊಗೆ ಮೂರು ಸಂಗತಿ ಹೊಂದಿಸಿಕೊಳ್ಳಿ.

1. ಜಿಪಿಎಸ್ ಲಾಗ್ ಸೆಕೆಂಡಿಗೊಂದರಂತೆ ಇರಲಿ. ಬೋಗಿಯ ಲೋಹದ ಮೈ ಸಿಗ್ನಲ್ ತಡೆಯುತ್ತದೆ, ಫೋನನ್ನು ಕಿಟಕಿಗೆ ತಾಗಿಸಿಡಿ. ಎಸಿ ಬೋಗಿಯ ಗಾಜಿಗಿಂತ ಸ್ಲೀಪರ್ ಅಥವಾ ಜನರಲ್ ಬೋಗಿಯ ತೆರೆದ ಕಿಟಕಿ ಇದಕ್ಕೆ ಒಳ್ಳೆಯದು.

2. ಕ್ಯಾಮೆರಾದ ಗಡಿಯಾರವನ್ನು ಜಿಪಿಎಸ್ ಸಮಯಕ್ಕೆ ಹೊಂದಿಸಿ. ಹೊರಡುವ ಮುನ್ನ ಜಿಪಿಎಸ್ ಸಮಯ ತೋರಿಸುವ ಪರದೆಯನ್ನು ಐದು ಸೆಕೆಂಡ್ ವಿಡಿಯೊದಲ್ಲಿ ಹಿಡಿದರೆ ಸಾಕು, ಆಮೇಲೆ ವ್ಯತ್ಯಾಸ ಲೆಕ್ಕ ಹಾಕಬಹುದು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿನ ತಪ್ಪು ಸುಮಾರು 17 ಮೀಟರ್ ಆಗುತ್ತದೆ, 100 ಕಿ.ಮೀ. ವೇಗದಲ್ಲಿ 28 ಮೀಟರ್.

3. ಷಟರ್ ವೇಗವನ್ನು ಕೈಯಾರೆ 1/1000ಕ್ಕೆ ಇಡಿ. 60 ಕಿ.ಮೀ. ವೇಗದಲ್ಲಿ 1/60 ಷಟರ್ ತೆರೆದಿರುವಷ್ಟರಲ್ಲಿ ಗಾಡಿ 28 ಸೆಂ.ಮೀ. ಮುಂದೆ ಹೋಗಿರುತ್ತದೆ. ನಾಲ್ಕಾರು ಸೆಂ.ಮೀ. ಬಿಡುವು ಆ ಮಸುಕಿನಲ್ಲಿ ಸಿಗುವ ಮಾತೇ ಇಲ್ಲ. 1/1000ದಲ್ಲಿ ಮಸುಕು ಎರಡು ಸೆಂ.ಮೀ.ಗಿಂತ ಕಡಿಮೆ.

ಕಂಬಗಳೇ ಅಳತೆಗೋಲು

ಫೋನಿನ ಜಿಪಿಎಸ್ ಬಯಲಿನಲ್ಲಿ 3ರಿಂದ 5 ಮೀಟರ್ ಆಚೀಚೆ ತೋರಿಸುತ್ತದೆ. ಜೋಡಿ ಹಳಿಗಳ ನಡುಗೆರೆಗಳ ಅಂತರವೂ ಹೆಚ್ಚು ಕಡಿಮೆ ಐದು ಮೀಟರ್. ಅಂದರೆ ಯಾವ ಹಳಿ ಎಂಬುದನ್ನು ಜಿಪಿಎಸ್ ಹೇಳಲಾರದು, ನೀವೇ ಬರೆದುಕೊಳ್ಳಬೇಕು. ಓಪನ್‌ಸ್ಟ್ರೀಟ್‌ಮ್ಯಾಪ್ ಅಕ್ಷಾಂಶ ರೇಖಾಂಶವನ್ನು ಏಳು ದಶಮಾಂಶದವರೆಗೆ, ಅಂದರೆ ಒಂದು ಸೆಂ.ಮೀ. ಮಟ್ಟದಲ್ಲಿ ಉಳಿಸುತ್ತದೆ ನಿಜ. ಅದು ಅಂಕಿ ಕೂಡಿಡುವ ಪೆಟ್ಟಿಗೆಯ ನಿಖರತೆ, ನಿಮ್ಮ ಅಳತೆಯದಲ್ಲ.

ಇಲ್ಲಿ ಕೈಹಿಡಿಯುವುದು ವಿದ್ಯುತ್ ತಂತಿಯ ಕಂಬಗಳು. ಪ್ರತಿ ಕಂಬದ ಮೇಲೆ ಕಿಲೋಮೀಟರ್ ಸಂಖ್ಯೆ, ಅದರ ಕೆಳಗೆ ಆ ಕಿಲೋಮೀಟರಿನೊಳಗಿನ ಕಂಬದ ಸಂಖ್ಯೆ ಬರೆದಿರುತ್ತದೆ. ಜೋಡಿ ಹಳಿಯಲ್ಲಿ ಒಂದು ಬದಿಗೆ ಬೆಸ, ಮತ್ತೊಂದು ಬದಿಗೆ ಸಮ ಸಂಖ್ಯೆ. ಕಂಬದಿಂದ ಕಂಬಕ್ಕೆ ಅಂತರ ಹೆಚ್ಚೆಂದರೆ 72 ಮೀಟರ್, ತಿರುವಿನಲ್ಲಿ ಕಡಿಮೆ. ಇದಕ್ಕಿಂತ ಒಳ್ಳೆಯ ಸಂಗತಿ ಇನ್ನೊಂದಿದೆ: ಎಸ್‌ಇಜೆ ಕಾಣದ ಉಪಗ್ರಹ ಚಿತ್ರದಲ್ಲಿ ಈ ಕಂಬಗಳ ನೆರಳು ಸ್ಪಷ್ಟವಾಗಿ ಕಾಣುತ್ತದೆ.

ಹಾಗಾಗಿ ಕ್ಷೇತ್ರದಲ್ಲಿ ಬರೆದುಕೊಳ್ಳಬೇಕಾದದ್ದು ಇಷ್ಟು: ಯಾವ ದಿಕ್ಕಿನ ಹಳಿ, ಯಾವ ಎರಡು ಕಂಬಗಳ ನಡುವೆ, ಮೊದಲ ಕಂಬದಿಂದ ಸುಮಾರು ಎಷ್ಟು ಪಾಲು ದೂರ, ನೋಡಿದ ದಿನಾಂಕ. ಕಂಬಿಯ ಮೇಲೋ ಹಲಗೆಯ ಮೇಲೋ ಎಸ್‌ಇಜೆ ಸಂಖ್ಯೆ ಬಣ್ಣದಲ್ಲಿ ಬರೆದಿದ್ದರೆ ಅದನ್ನೂ ಸೇರಿಸಿ. ದೂರವನ್ನು ಮೀಟರಿನಲ್ಲಿ ಅಂದಾಜು ಮಾಡುವುದಕ್ಕಿಂತ ಸ್ಲೀಪರ್ ಎಣಿಸುವುದು ವಾಸಿ. ಕಿಲೋಮೀಟರಿಗೆ 1660 ಸ್ಲೀಪರ್ ಇರುವ ದಾರಿಯಲ್ಲಿ ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಸುಮಾರು 60 ಸೆಂ.ಮೀ., ಅಂದರೆ 25 ಸ್ಲೀಪರ್‌ಗೆ 15 ಮೀಟರ್. ಸ್ಪಷ್ಟ ಫೋಟೊ ಇದ್ದರೆ ಮನೆಗೆ ಬಂದು ಎಣಿಸಬಹುದು.

ಕಿಲೋಮೀಟರ್ ಕಲ್ಲುಗಳ ನಡುವಿನ ಅಂತರ ಯಾವಾಗಲೂ ಸರಿಯಾಗಿ 1000 ಮೀಟರ್ ಇರುವುದಿಲ್ಲ. ದಾರಿ ಬದಲಿಸಿದ, ಜೋಡಿ ಹಳಿ ಹಾಕಿದ ಕಡೆ ಹತ್ತಿಪ್ಪತ್ತು ಮೀಟರ್ ಆಚೀಚೆ ಆಗಿರಬಹುದು. ಆದ್ದರಿಂದ ದೂರದ ಕಲ್ಲಿನಿಂದ ಅಳೆಯದೆ ಹತ್ತಿರದ ಕಂಬದಿಂದ ಅಳೆಯಿರಿ.

ಮೊದಲು ಹಳಿ, ಆಮೇಲೆ ಬಿಂದು

ನಕ್ಷೆಯಲ್ಲಿ ಹಳಿಯೇ ಸರಿಯಿಲ್ಲದಿದ್ದರೆ ಅದರ ಮೇಲಿನ ಎಸ್‌ಇಜೆಗೆ ಬೆಲೆಯಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ದತ್ತಾಂಶ ಹುಡುಕುವ ತಾಣ ಓವರ್‌ಪಾಸ್ ಟರ್ಬೊದ ವಿಝಾರ್ಡ್‌ನಲ್ಲಿ ರೈಲ್ವೇ=ರೈಲ್ ಎಂದು ಕೇಳಿ ನಿಮ್ಮ ತಾಲ್ಲೂಕಿನ ಹಳಿಗಳನ್ನು ತೆರೆದು ನೋಡಿ. ಜೋಡಿ ಹಳಿ ಇರುವ ಕಡೆ ಒಂದೇ ಗೆರೆ ಇದ್ದರೆ ಎರಡನೆಯದನ್ನು ಬಿಡಿಸಬೇಕು. ಪ್ರತಿ ಹಳಿಗೂ ತನ್ನದೇ ಗೆರೆ ಇರಬೇಕು. ಒಂದೇ ಗೆರೆ ಇಟ್ಟು ಅದಕ್ಕೆ ಟ್ರ್ಯಾಕ್ಸ್=2 ಎಂದು ಬರೆದರೆ ಎಸ್‌ಇಜೆಯನ್ನು ಯಾವ ಹಳಿಗೆ ಅಂಟಿಸುತ್ತೀರಿ?

ಹಿನ್ನೆಲೆಗೆ ಬಿಂಗ್ ಅಥವಾ ಎಸ್ರಿ ಚಿತ್ರ ಬಳಸಿ. ಗೂಗಲ್ ನಕ್ಷೆಯಿಂದಾಗಲಿ ಅದರ ಉಪಗ್ರಹ ಚಿತ್ರದಿಂದಾಗಲಿ ನೋಡಿ ಬಿಡಿಸಲು ಅನುಮತಿಯಿಲ್ಲ. ರೈಲ್ವೆಯ ಒಳಬಳಕೆಯ ದಾಖಲೆಗಳಿಂದ ಎತ್ತುವುದೂ ಹಾಗೆಯೇ. ಓಪನ್‌ಸ್ಟ್ರೀಟ್‌ಮ್ಯಾಪ್ ದತ್ತಾಂಶ 2012ರಿಂದ ಒಡಿಬಿಎಲ್ ಎಂಬ ಮುಕ್ತ ದತ್ತಾಂಶ ಪರವಾನಗಿಯಡಿ ಇದೆ, ಅದಕ್ಕೆ ಹೊಂದದ ಮೂಲ ಸೇರಿತೆಂದರೆ ಒಟ್ಟು ಕೆಲಸವನ್ನೇ ಕಿತ್ತುಹಾಕಬೇಕಾದೀತು. ಪರಿಚಯದ ಸಿಬ್ಬಂದಿ ತೋರಿಸಿದ ಪಟ್ಟಿ ಎಷ್ಟೇ ನಿಖರವಾಗಿರಲಿ, ಅದನ್ನು ನೋಡಿ ಬಿಂದು ಹಾಕಬೇಡಿ.

ಉಪಗ್ರಹ ಚಿತ್ರಗಳು ಕೆಲವು ಮೀಟರ್ ಸರಿದಿರುವುದುಂಟು. ಒಂದೇ ಜಾಗದಲ್ಲಿ ಹಲವರು ಏರಿಸಿದ ಜಿಪಿಎಸ್ ಜಾಡುಗಳ ನಡುಗೆರೆಗೆ ಚಿತ್ರವನ್ನು ಸರಿಸಿ ಹೊಂದಿಸಿ, ಆಮೇಲೆ ಹಳಿ ಬಿಡಿಸಿ. ಗೆರೆ ಎರಡು ಕಂಬಿಗಳ ನಡುವೆ ಹಾಯಬೇಕು.

ಹಳಿಯ ಗೆರೆಗೆ ಬೇಕಾದ ಟ್ಯಾಗ್‌ಗಳು: ರೈಲ್ವೇ=ರೈಲ್, ಗೇಜ್=1676, ಮುಖ್ಯ ದಾರಿಗೆ ಯೂಸೇಜ್=ಮೇನ್, ವಿದ್ಯುತ್ ತಂತಿ ಇದ್ದರೆ ಎಲೆಕ್ಟ್ರಿಫೈಡ್=ಕಾಂಟ್ಯಾಕ್ಟ್_ಲೈನ್, ವೋಲ್ಟೇಜ್=25000, ಫ್ರೀಕ್ವೆನ್ಸಿ=50. ಅಂಗಳದ ಹಳಿಗೆ ಯೂಸೇಜ್ ಬದಲು ಸರ್ವಿಸ್=ಯಾರ್ಡ್ ಅಥವಾ ಸೈಡಿಂಗ್. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಶಕ್ತಿನಗರದ ವಿದ್ಯುತ್ ಸ್ಥಾವರದ ಕಡೆ ಹೊರಳುವ ಖಾಸಗಿ ಹಳಿಗಳಿಗೆ ಸರ್ವಿಸ್=ಸ್ಪರ್. ಆವರಣದೊಳಗಿನ ಜೋಡಣೆಗಳನ್ನು ಹುಡುಕುವ ಅಗತ್ಯ ನಮಗಿಲ್ಲ.

ಸೇತುವೆಯಿದ್ದರೆ ಗೆರೆಯನ್ನು ಎರಡೂ ತುದಿಯಲ್ಲಿ ಕತ್ತರಿಸಿ, ನಡುವಿನ ತುಂಡಿಗೆ ಬ್ರಿಡ್ಜ್=ಯೆಸ್, ಲೇಯರ್=1 ಕೊಡಿ. ಸೇತುವೆಗೆ ಮುಂಚಿನ ಎಸ್‌ಇಜೆ ಈ ತುಂಡಿನ ಮೇಲಲ್ಲ, ಅದರ ಹೊರಗಿನ ಗೆರೆಯ ಮೇಲೆ ಬರಬೇಕು. ಸೇತುವೆಯ ತುದಿಯನ್ನು ಉಪಗ್ರಹ ಚಿತ್ರದಲ್ಲಿ ನೀರಿನ ಅಂಚು ನೋಡಿ ತೀರ್ಮಾನಿಸುವವರಿದ್ದಾರೆ. ಮೇ ತಿಂಗಳಿನ ಹಗರಿಯಲ್ಲಿ ನೀರೇ ಇರುವುದಿಲ್ಲ, ಆದ್ದರಿಂದ ಗರ್ಡರ್ ಎಲ್ಲಿ ಮುಗಿದು ಏರಿ ಎಲ್ಲಿ ಶುರುವಾಗುತ್ತದೆ ಎಂಬುದನ್ನೇ ನೋಡಿ.

ಬಿಂದು ಇಡುವ ಕ್ರಮ

ಕಂಪ್ಯೂಟರಿಗೆ ಇಳಿಸಿಕೊಂಡು ಬಳಸುವ ಜೋಸಮ್ ಎಡಿಟರ್‌ನಲ್ಲಿ ಹೇಳುತ್ತೇವೆ. ಬ್ರೌಸರಿನಲ್ಲೇ ತೆರೆಯುವ ಐಡಿ ಎಡಿಟರ್‌ನಲ್ಲೂ ಮಾಡಬಹುದು, ಆದರೆ ಹತ್ತಿರ ಹತ್ತಿರದ ಎರಡು ಹಳಿಗಳಲ್ಲಿ ಸರಿಯಾದದ್ದಕ್ಕೆ ಅಂಟಿಸಲು ಜೋಸಮ್ ಹದವಾಗಿದೆ.

1. ಮೊದಲು ಕಂಬಗಳನ್ನು ಹಾಕಿ. ಎಸ್‌ಇಜೆಯ ಆಚೀಚೆಯ ಎರಡೆರಡು ಕಂಬ ಸಾಕು. ನೆರಳಿನ ತುದಿಯಲ್ಲಲ್ಲ, ಬುಡದಲ್ಲಿ ಬಿಂದು ಇಡಬೇಕು. ಟ್ಯಾಗ್ ಪವರ್=ಕ್ಯಾಟೆನರಿ_ಮಾಸ್ಟ್, ಸಂಖ್ಯೆಯನ್ನು ರೆಫ್ ಟ್ಯಾಗ್‌ನಲ್ಲಿ ಕೊಡಿ. ಬುಡ ಹಳಿಯ ಗೆರೆಗೆ ಅಂಟಬಾರದು, ಪಕ್ಕದಲ್ಲೇ ಇರಬೇಕು.

2. ಕಿಲೋಮೀಟರ್ ಕಲ್ಲು ಕಂಡಿದ್ದರೆ ಹಳಿಯ ಗೆರೆಯ ಮೇಲೆ ರೈಲ್ವೇ=ಮೈಲ್‌ಸ್ಟೋನ್, ಜೊತೆಗೆ ರೈಲ್ವೇ:ಪೊಸಿಶನ್‌ನಲ್ಲಿ ಅದರ ಸಂಖ್ಯೆ.

3. ಕಂಬದಿಂದ ಅಳೆದ ದೂರದಲ್ಲಿ, ಸರಿಯಾದ ಹಳಿಯ ಮೇಲೆ ಹೊಸ ಬಿಂದು ಇಡಿ. ಗೆರೆಗೆ ಅಂಟದಿದ್ದರೆ ಬಿಂದು ಆಯ್ದು ಜೆ ಕೀಲಿ ಒತ್ತಿ. ಎಡ ಬಲ ಕಂಬಿಗಳಿಗೆ ಎರಡು ಬಿಂದು ಬೇಡ, ಹಳಿಗೊಂದೇ. ಜೋಡಿ ಹಳಿಯಲ್ಲಿ ಎರಡರಲ್ಲೂ ನೋಡಿದ್ದರೆ ಎರಡು ಬಿಂದು, ಅವು ಎದುರುಬದುರಾಗಿಯೇ ಇರಬೇಕೆಂದಿಲ್ಲ.

4. ಟ್ಯಾಗ್ ಕೊಡುವ ಮುನ್ನ, ಯಾವ ಟ್ಯಾಗ್ ಎಷ್ಟು ಬಳಕೆಯಲ್ಲಿದೆ ಎಂದು ತೋರಿಸುವ ಟ್ಯಾಗ್‌ಇನ್ಫೊ ತಾಣದಲ್ಲಿ ಎಕ್ಸ್‌ಪ್ಯಾನ್ಷನ್_ಜಾಯಿಂಟ್ ಎಂದು ಹುಡುಕಿ, ಹಳಿಯ ಬಿಂದುಗಳಿಗೆ ಚಾಲ್ತಿಯಲ್ಲಿರುವ ರೂಪ ಯಾವುದೆಂದು ನೋಡಿ, ವಿಕಿ ಪುಟವನ್ನೂ ಓದಿ. ನಾವು ಇಲ್ಲಿ ರೈಲ್ವೇ=ಎಕ್ಸ್‌ಪ್ಯಾನ್ಷನ್_ಜಾಯಿಂಟ್ ಎಂಬ ರೂಪ ಇಟ್ಟುಕೊಂಡಿದ್ದೇವೆ. ಒಂದು ಜಿಲ್ಲೆಯಲ್ಲಿ ಕೆಲಸ ಮಾಡುವವರೆಲ್ಲ ಒಂದೇ ರೂಪ ಬಳಸುವುದು ಮುಖ್ಯ. ಒಬ್ಬರು ಎಸ್‌ಇಜೆ ಎಂದು, ಇನ್ನೊಬ್ಬರು ಸ್ವಿಚ್_ಜಾಯಿಂಟ್ ಎಂದು ಹಾಕಿದರೆ ನಾಳೆ ಹುಡುಕಿದವರಿಗೆ ಅರ್ಧವೇ ಸಿಗುತ್ತದೆ. ರಸ್ತೆ ಸೇತುವೆಯ ಎಕ್ಸ್‌ಪ್ಯಾನ್ಷನ್ ಜಾಯಿಂಟ್ ಬೇರೆಯೇ ವಸ್ತು, ಅದರೊಂದಿಗೆ ಬೆರೆಸಬೇಡಿ.

5. ರೈಲ್ವೇ:ಪೊಸಿಶನ್‌ನಲ್ಲಿ ಕಿಲೋಮೀಟರನ್ನು ದಶಮಾಂಶದಲ್ಲಿ ಬರೆಯಿರಿ. 245ನೇ ಕಲ್ಲಿನಿಂದ ಅಂದಾಜು 600 ಮೀಟರ್ ಆದರೆ 245.6. ಕಲ್ಲಿನಿಂದ ಅಳೆಯದೆ ಇದ್ದರೆ ಈ ಟ್ಯಾಗ್ ಬಿಡಿ, ಕಂಬದ ಸಂಖ್ಯೆಯೇ ಸಾಕು.

6. ಸೋರ್ಸ್=ಸರ್ವೇ, ಚೆಕ್_ಡೇಟ್‌ನಲ್ಲಿ ವರ್ಷ-ತಿಂಗಳು-ದಿನ. ಎಸ್‌ಇಜೆಗಳನ್ನು ತೆಗೆಯುವ ಕಾಲವಿದು, ದಿನಾಂಕವಿಲ್ಲದ ಬಿಂದುವನ್ನು ಮುಂದೆ ಯಾರೂ ನಂಬುವುದಿಲ್ಲ.

7. ನಾಲಗೆಯ ಚೂಪು ಯಾವ ಕಡೆಗಿದೆ ಎಂಬುದನ್ನು ಡೈರೆಕ್ಷನ್=ಫಾರ್ವರ್ಡ್ ಎಂದು ಹಾಕಬೇಕೆನಿಸುತ್ತದೆ. ನಮ್ಮ ಸಲಹೆ: ಹಾಕಬೇಡಿ. ಫಾರ್ವರ್ಡ್ ಎಂಬುದು ಗೆರೆ ಎಳೆದ ದಿಕ್ಕಿಗೆ ಸಂಬಂಧಿಸಿದ್ದು, ಗಾಡಿ ಓಡುವ ದಿಕ್ಕಿಗಲ್ಲ. ಯಾರಾದರೂ ಗೆರೆ ತಿರುಗಿಸಿದರೆ ಅರ್ಥವೂ ತಿರುಗುತ್ತದೆ. ಫೋಟೊವನ್ನು ಸ್ಥಳದ ಚಿತ್ರ ಹಂಚುವ ತಾಣ ಮ್ಯಾಪಿಲರಿಗೆ ಏರಿಸಿದರೆ ಬೇಕಾದವರು ಅಲ್ಲಿ ನೋಡಿಕೊಳ್ಳುತ್ತಾರೆ.

ಏರಿಸುವ ಮುನ್ನ ಜೋಸಮ್‌ನಲ್ಲಿ ದೋಷ ಹುಡುಕುವ ವ್ಯಾಲಿಡೇಟರ್ ಓಡಿಸಿ. ಗೆರೆಗೆ ಅಂಟದ ರೈಲ್ವೇ ಬಿಂದು, ಒಂದರ ಮೇಲೊಂದು ಕೂತ ಎರಡು ಬಿಂದು, ಸೇತುವೆ ಕತ್ತರಿಸುವಾಗ ಕಿತ್ತುಹೋದ ರೂಟ್ ರಿಲೇಶನ್ (ಒಂದು ದಾರಿಯ ಗೆರೆಗಳನ್ನೆಲ್ಲ ಒಟ್ಟುಗೂಡಿಸುವ ದಾಖಲೆ), ಸಾಮಾನ್ಯವಾಗಿ ಸಿಗುವ ದೋಷ ಇವು. ರಿಲೇಶನ್ ಕಿತ್ತುಹೋದರೆ ಹುಬ್ಬಳ್ಳಿ–ಗುಂತಕಲ್ ದಾರಿಯೇ ಎರಡು ತುಂಡಾಗಿ ಕಾಣುತ್ತದೆ, ಅದನ್ನು ಸರಿಪಡಿಸಿಯೇ ಏರಿಸಿ. ಚೇಂಜ್‌ಸೆಟ್ (ಒಮ್ಮೆಗೆ ಏರಿಸುವ ತಿದ್ದುಪಡಿಗಳ ಕಟ್ಟು) ಟಿಪ್ಪಣಿಯಲ್ಲಿ ಎಲ್ಲಿಂದ ಎಲ್ಲಿಯವರೆಗೆ, ಹೇಗೆ ನೋಡಿದ್ದು ಎಂದು ಬರೆಯಿರಿ: "ಕುಡತಿನಿ–ಬಳ್ಳಾರಿ, ಕಿಟಕಿ ವಿಡಿಯೊ ಮತ್ತು ಕಂಬದ ಸಂಖ್ಯೆ ಆಧಾರ". ಒಂದು ಚೇಂಜ್‌ಸೆಟ್‌ಗೆ ಎರಡು ನಿಲ್ದಾಣಗಳ ನಡುವಿನ ತುಂಡು ಸಾಕು. ಮೂರು ಜಿಲ್ಲೆಯ ಬಿಂದುಗಳನ್ನು ಒಟ್ಟಿಗೆ ಏರಿಸಿದರೆ, ತಪ್ಪು ಕಂಡವರು ಯಾವುದನ್ನು ಕೇಳಬೇಕೆಂದು ತಿಳಿಯದೆ ಸುಮ್ಮನಾಗುತ್ತಾರೆ.

ಮುಂದಿನ ಸಲ ಅದೇ ದಾರಿಯಲ್ಲಿ ಹೋದಾಗ ಎಸ್‌ಇಜೆ ಇದ್ದ ಜಾಗದಲ್ಲಿ ಕಂಬಿ ನೇರ ಓಡುತ್ತಿದ್ದು, ಗುರುತುಗಂಬ ಮಾತ್ರ ಉಳಿದಿದ್ದರೆ ಬಿಂದುವಿನಿಂದ ರೈಲ್ವೇ ಟ್ಯಾಗ್ ತೆಗೆಯಿರಿ. ತೆಗೆದುಹಾಕಿದ ಎಸ್‌ಇಜೆಯನ್ನು ಹಳೆಯದು ಎಂದು ಉಳಿಸಿಕೊಳ್ಳುವುದು ಬೇಡ, ಅದು ಇಲ್ಲ ಅಷ್ಟೆ. ಬಿಂದು ಗೆರೆಯ ಆಕಾರಕ್ಕೆ ಬೇಕಾಗಿದ್ದರೆ ಟ್ಯಾಗ್ ಇಲ್ಲದೆ ಹಾಗೇ ಇರಲಿ. ಅಕ್ಕಪಕ್ಕದ ಕಂಬಗಳನ್ನು ಮಾತ್ರ ಅಳಿಸಬೇಡಿ, ಮುಂದಿನ ಅಳತೆಗೆ ಅವು ಬೇಕು.